ಟೈಮ್-ರಿಸಾಲ್ವ್ಡ್ ಐಆರ್: ಬೆಳಕು ಬಿದ್ದ ಮೇಲೆ ಅಣುವಿಗೆ ಏನಾಗುತ್ತದೆ ಎಂದು ಹಿಡಿಯುವುದು ಹೇಗೆ?

"ನಮ್ಮ ಕಾಂಪೌಂಡಿಗೆ ಯುವಿ ಬಿಟ್ಟರೆ ಪ್ರಾಡಕ್ಟ್ ಬರುತ್ತೆ. ಆದರೆ ಮಧ್ಯೆ ಏನಾಗುತ್ತೆ ಅಂತ ಟಿಆರ್‌ಐಆರ್‌ನಲ್ಲಿ ನೋಡಬಹುದಾ?" ಎಂಎಸ್ಸಿ ಪ್ರಾಜೆಕ್ಟ್ ಮಾಡುವವರು, ಪಿಎಚ್‌ಡಿ ಮೊದಲ ವರ್ಷದವರು ಪದೇ ಪದೇ ಕೇಳುವ ಪ್ರಶ್ನೆ ಇದು. ಟಿಆರ್‌ಐಆರ್ ಅಂದರೆ ಟೈಮ್-ರಿಸಾಲ್ವ್ಡ್ ಇನ್‌ಫ್ರಾರೆಡ್, ಬೆಳಕು ಬಿದ್ದ ಮೇಲಿನ ಬದಲಾವಣೆಯನ್ನು ಕ್ಷಣಕ್ಷಣಕ್ಕೂ ಐಆರ್‌ನಲ್ಲಿ ಅಳೆಯುವ ವಿಧಾನ. ನೋಡಬಹುದು. ಆದರೆ ಲೇಸರ್ ಆನ್ ಮಾಡುವ ಮೊದಲೇ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿದಿರಬೇಕು. ಯಾವ ಬ್ಯಾಂಡ್ (ಅಣು ಬೆಳಕು ಹೀರುವ ಜಾಗ) ನೋಡಬೇಕು, ಅದು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕದೆ ಹೋದವರು ಸಾಮಾನ್ಯವಾಗಿ ವಾರಗಟ್ಟಲೆ ನಾಯ್ಸ್ ನೋಡಿಕೊಂಡು ಬರುತ್ತಾರೆ.

ಈ ವಿಧಾನದ ಬೇರು 1949ರಲ್ಲಿದೆ. ಕೇಂಬ್ರಿಡ್ಜಿನಲ್ಲಿ ನಾರಿಷ್ ಮತ್ತು ಪೋರ್ಟರ್ ಫ್ಲ್ಯಾಶ್ ಫೋಟಾಲಿಸಿಸ್ ಶುರು ಮಾಡಿದರು. ಮೊದಲು ಜೋರಾದ ಒಂದು ಬೆಳಕಿನ ಹೊಡೆತ, ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಬೆಳಕಿನಿಂದ ಪರೀಕ್ಷೆ. ಮೊದಲನೆಯದಕ್ಕೆ ಪಂಪ್ ಎನ್ನುತ್ತೇವೆ, ಎರಡನೆಯದಕ್ಕೆ ಪ್ರೋಬ್. 1967ರ ನೊಬೆಲ್‌ನಲ್ಲಿ ಐಗನ್ ಜೊತೆ ಇವರಿಬ್ಬರಿಗೂ ಪಾಲು ಸಿಕ್ಕಿತು. ಅವರ ಪ್ರೋಬ್ ಯುವಿ ಮತ್ತು ಕಣ್ಣಿಗೆ ಕಾಣುವ ಬೆಳಕು. ಆ ಜಾಗದಲ್ಲಿ ಇನ್‌ಫ್ರಾರೆಡ್ ಇಟ್ಟರೆ ಅದೇ ಟಿಆರ್‌ಐಆರ್.

ಐಆರ್ ಯಾಕೆ ಬೇಕು? ದ್ರಾವಣದಲ್ಲಿ ಯುವಿ ಬ್ಯಾಂಡುಗಳು ಅಗಲವಾಗಿರುತ್ತವೆ, ಒಂದರ ಮೇಲೊಂದು ಕೂತಿರುತ್ತವೆ. 'ಏನೋ ಬಂತು, ಏನೋ ಹೋಯಿತು' ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಐಆರ್‌ನಲ್ಲಿ ಕಾರ್ಬೊನಿಲ್ (C=O), ಕೀಟೀನ್ (C=C=O), ಡೈಅಜೋ (C=N₂) ಗುಂಪುಗಳೆಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕಾಣಿಸಿಕೊಳ್ಳುತ್ತವೆ.

ಇಡೀ ಲೇಖನಕ್ಕೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ಅಜಿಬೆಂಜಿಲ್. ಕಿತ್ತಳೆ ಬಣ್ಣದ ಡೈಅಜೋಕೀಟೋನ್. ಇದಕ್ಕೆ ಬೆಳಕು ಬಿದ್ದರೆ ಸಾರಜನಕ ಹೊರಗೆ ಹೋಗುತ್ತದೆ, ಒಂದು ಫಿನೈಲ್ ಪಕ್ಕದ ಇಂಗಾಲಕ್ಕೆ ಜಿಗಿಯುತ್ತದೆ, ಡೈಫಿನೈಲ್‌ಕೀಟೀನ್ ಹುಟ್ಟುತ್ತದೆ. ಇದು 1902ರಿಂದ ಗೊತ್ತಿರುವ ವುಲ್ಫ್ ರಿಅರೇಂಜ್‌ಮೆಂಟ್. ಆ ಕೀಟೀನಿಗೆ ಬ್ಯೂಟೈಲ್ಅಮೀನ್ ಸಿಕ್ಕರೆ ಅಮೈಡ್ ಆಗುತ್ತದೆ. ಚಿಪ್ ತಯಾರಿಕೆಯಲ್ಲಿ ಬಳಸುವ ಡೈಅಜೋನ್ಯಾಫ್ತೋಕ್ವಿನೋನ್ ಫೋಟೋರೆಸಿಸ್ಟ್‌ನಲ್ಲೂ ಇದೇ ಕಥೆ. ಅಲ್ಲಿ ಕೀಟೀನಿಗೆ ನೀರು ಸಿಕ್ಕಿ ಆಮ್ಲ ಆಗುತ್ತದೆ, ಬೆಳಕು ಬಿದ್ದ ಜಾಗ ಮಾತ್ರ ಕ್ಷಾರದಲ್ಲಿ ಕರಗುತ್ತದೆ.

ಹಂತ 1: ಪ್ರಶ್ನೆಯನ್ನೂ ಬ್ಯಾಂಡನ್ನೂ ಮೊದಲೇ ತೀರ್ಮಾನಿಸಿ

'ಮೆಕ್ಯಾನಿಸಂ ನೋಡಬೇಕು' ಅನ್ನುವುದು ಪ್ರಶ್ನೆಯಲ್ಲ. 'ಕೀಟೀನ್ ಅಮೀನ್ ಜೊತೆ ಎಷ್ಟು ವೇಗವಾಗಿ ಸೇರುತ್ತದೆ?' ಇದು ಪ್ರಶ್ನೆ. 'ಕೀಟೀನ್ ನೇರವಾಗಿ ಹುಟ್ಟುತ್ತದೋ, ಕಾರ್ಬೀನ್ (ಎರಡೇ ಬಂಧ ಉಳಿದ ಇಂಗಾಲ) ಮೂಲಕ ಬರುತ್ತದೋ?' ಇದು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ನ್ಯಾನೋಸೆಕೆಂಡ್ ಯಂತ್ರ ಸಾಕು, ಎರಡನೆಯದಕ್ಕೆ ಫೆಮ್ಟೋಸೆಕೆಂಡ್ ಬೇಕು. ಒಂದು ನ್ಯಾನೋಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗ. ಫೆಮ್ಟೋ ಅದಕ್ಕಿಂತ ಹತ್ತು ಲಕ್ಷ ಪಟ್ಟು ಚಿಕ್ಕದು.

ಬ್ಯಾಂಡಿನ ಜಾಗವನ್ನು ವೇವ್‌ನಂಬರ್‌ನಲ್ಲಿ ಹೇಳುತ್ತೇವೆ, ಅಂದರೆ ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಹಿಡಿಸುತ್ತವೆ ಎಂಬ ಲೆಕ್ಕ. ನಮ್ಮ ಡೈಅಜೋ ಬ್ಯಾಂಡ್ 2070–2080ರ ಹತ್ತಿರ, ಡೈಫಿನೈಲ್‌ಕೀಟೀನ್ 2100ರ ಹತ್ತಿರ. ಇಲ್ಲೇ ಒಂದು ತೊಡಕು ಇದೆ, ನೋಡಿದಿರಾ? ಎರಡೂ ಅಕ್ಕಪಕ್ಕದವರು. ಯಂತ್ರದ ರಿಸಲ್ಯೂಶನ್ 16 ವೇವ್‌ನಂಬರ್ ಇಟ್ಟರೆ ಹೋದದ್ದು, ಬಂದದ್ದು ಎರಡೂ ಒಂದನ್ನೊಂದು ತಿಂದುಹಾಕುತ್ತವೆ. 8ಕ್ಕೆ ಇಳಿಸಿ, ಆಗುವುದಾದರೆ 4ಕ್ಕೆ. ಬೆಳಕು ಕಡಿಮೆಯಾಗಿ ನಾಯ್ಸ್ ಜಾಸ್ತಿ ಆಗುತ್ತದೆ, ಇಲ್ಲಿ ಅದನ್ನು ಸಹಿಸಿಕೊಳ್ಳಲೇಬೇಕು.

ಮೊದಲ ದಿನವೇ ಇನ್ನೊಂದು ಕೆಲಸ ಮಾಡಿಬಿಡಿ. ಹುಟ್ಟಬಹುದು ಎಂದು ನೀವು ಅಂದುಕೊಂಡ ಪ್ರತಿಯೊಂದು ಮಧ್ಯಂತರಕ್ಕೂ (ಮಧ್ಯದಲ್ಲಿ ಹುಟ್ಟಿ ಮಾಯವಾಗುವ ಅಣು) ಡಿಎಫ್‌ಟಿ ಲೆಕ್ಕ ಓಡಿಸಿ, ಅಂದರೆ ಕಂಪ್ಯೂಟರಿನಲ್ಲಿ ಕಂಪನಗಳನ್ನು ಲೆಕ್ಕ ಹಾಕಿಸಿ. ಬಿ3ಎಲ್‌ವೈಪಿ ಎಂಬ ಡಿಎಫ್‌ಟಿ ವಿಧಾನದಲ್ಲಿ, 6-31ಜಿ(ಡಿ) ಎಂಬ ಬೇಸಿಸ್ ಬಳಸಿದರೆ ಬಂದ ಸಂಖ್ಯೆಯನ್ನು ಸುಮಾರು 0.96ರಿಂದ ಗುಣಿಸಬೇಕು. ಬ್ಯಾಂಡಿನ ಜಾಗದ ಜೊತೆಗೆ ಅದರ ತೀವ್ರತೆಯನ್ನೂ ನೋಡಿ. ತೀವ್ರತೆ ಕಡಿಮೆ ಇರುವ ಮಧ್ಯಂತರ ಎಷ್ಟೇ ಹುಟ್ಟಿದರೂ ಕಾಣಿಸುವುದಿಲ್ಲ.

ಹಂತ 2: ಯಾವ ಯಂತ್ರ?

ನಾಲ್ಕು ಬಗೆ ಇವೆ. ನಿಮ್ಮ ಊರಲ್ಲಿ ಯಾವುದು ಇದೆಯೋ ಅದನ್ನೇ ಬಳಸುತ್ತೀರಿ ಎಂಬುದು ನನಗೂ ಗೊತ್ತು. ಆದರೂ ಗುಣದೋಷ ತಿಳಿದಿರಲಿ.

ಡಿಸ್ಪರ್ಸಿವ್ ಯಂತ್ರ ಎಲ್ಲಕ್ಕಿಂತ ಸರಳ. ಕಾದ ಸೆರಾಮಿಕ್ ಕಡ್ಡಿಯಿಂದ ಐಆರ್ ಬರುತ್ತದೆ, ಮಾನೊಕ್ರೊಮೇಟರ್ ಒಂದು ವೇವ್‌ನಂಬರ್ ಆರಿಸುತ್ತದೆ, ದ್ರವ ಸಾರಜನಕದಲ್ಲಿ ತಣ್ಣಗಿಟ್ಟ ಎಂಸಿಟಿ (ಮರ್ಕ್ಯುರಿ ಕ್ಯಾಡ್ಮಿಯಂ ಟೆಲ್ಯುರೈಡ್) ಡಿಟೆಕ್ಟರ್ ಅಳೆಯುತ್ತದೆ. ವೇಗದ ಮಿತಿ ಸುಮಾರು 50 ನ್ಯಾನೋಸೆಕೆಂಡ್. ಜಪಾನಿನಲ್ಲಿ ಹಮಾಗುಚಿ ತಂಡ 1990ರ ದಶಕದಲ್ಲಿ ಇದರ ಸೂಕ್ಷ್ಮತೆಯನ್ನು ಹತ್ತು ಲಕ್ಷದಲ್ಲಿ ಒಂದು ಭಾಗದ ಮಟ್ಟಕ್ಕೆ ತಂದಿತು. ಸಾವಯವ ಫೋಟೋಕೆಮಿಸ್ಟ್ರಿಯ ಎಷ್ಟೋ ಒಳ್ಳೆಯ ಕೆಲಸ ಇಂಥ ಯಂತ್ರಗಳಲ್ಲೇ ಆಗಿದೆ.

ಎಫ್‌ಟಿಐಆರ್ ಅಂದರೆ ಸರಿಯುವ ಕನ್ನಡಿಯ ನೆರವಿನಿಂದ ಎಲ್ಲ ವೇವ್‌ನಂಬರ್ ಒಟ್ಟಿಗೆ ಅಳೆಯುವ ಐಆರ್ ಯಂತ್ರ. ಅದರ ಸ್ಟೆಪ್-ಸ್ಕ್ಯಾನ್ ಬಗೆಯಲ್ಲಿ ಕನ್ನಡಿ ಒಂದೊಂದು ಜಾಗದಲ್ಲಿ ನಿಲ್ಲುತ್ತದೆ, ಪ್ರತಿ ಜಾಗದಲ್ಲೂ ಪ್ರಯೋಗ ಮತ್ತೆ ಮೊದಲಿನಿಂದ. ನೂರಾರು ಜಾಗ, ಪ್ರತಿ ಜಾಗಕ್ಕೆ ಹಲವು ಪಲ್ಸ್ (ಬೆಳಕಿನ ಚಿಕ್ಕ ಹೊಡೆತ). ಬೆಳಕು ನಿಂತ ಮೇಲೆ ಮೊದಲಿನ ಸ್ಥಿತಿಗೆ ಮರಳುವ ಅಣುಗಳಿಗೆ ಇದು ಬಹಳ ಚೆನ್ನಾಗಿದೆ. ಅಜಿಬೆಂಜಿಲ್‌ನಂತೆ ಒಮ್ಮೆ ಒಡೆದರೆ ಮುಗಿಯಿತು ಅನ್ನುವ ಅಣುಗಳಿಗೆ ನಾನು ಶಿಫಾರಸು ಮಾಡುವುದಿಲ್ಲ. ಸ್ಯಾಂಪಲ್ ಲೀಟರ್‌ಗಟ್ಟಲೆ ಬೇಕಾಗುತ್ತದೆ.

ಕ್ವಾಂಟಮ್ ಕ್ಯಾಸ್ಕೇಡ್ ಲೇಸರ್ 1994ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ್ದು. ಕಡ್ಡಿಗಿಂತ ಎಷ್ಟೋ ಪಟ್ಟು ಜೋರಾದ ಐಆರ್ ಕೊಡುತ್ತದೆ. ಒಂದೇ ಬ್ಯಾಂಡಿನ ವೇಗ ಅಳೆಯಬೇಕಾದರೆ ನನ್ನ ಮೊದಲ ಆಯ್ಕೆ ಇದೇ.

ಕೊನೆಯದು ಫೆಮ್ಟೋಸೆಕೆಂಡ್ ಪಂಪ್-ಪ್ರೋಬ್. ಇಲ್ಲಿ ಪ್ರೋಬ್ ಕೂಡ ಪಲ್ಸ್. ಒಂದು ಪಲ್ಸನ್ನು ಸ್ವಲ್ಪ ಉದ್ದದ ದಾರಿಯಲ್ಲಿ ಕಳಿಸಿ ತಡ ಮಾಡಿಸುತ್ತಾರೆ. ಬೆಳಕು ಒಂದು ಪಿಕೋಸೆಕೆಂಡಿನಲ್ಲಿ (ನ್ಯಾನೋಸೆಕೆಂಡಿನ ಸಾವಿರದ ಒಂದು ಭಾಗ) 0.3 ಮಿ.ಮೀ. ಹೋಗುತ್ತದೆ. ಹೋಗಿ ಬರುವ ದಾರಿಯಾದ್ದರಿಂದ ಸ್ಟೇಜ್ (ಕನ್ನಡಿ ಕೂರಿಸಿದ ಸರಿಯುವ ಹಲಗೆ) 0.15 ಮಿ.ಮೀ. ಸರಿದರೆ ಸಾಕು. 3 ನ್ಯಾನೋಸೆಕೆಂಡ್ ಬೇಕಾದರೆ 45 ಸೆಂ.ಮೀ. ಸರಿಯಬೇಕು. ಮೈಕ್ರೋಸೆಕೆಂಡ್ ಈ ದಾರಿಯಲ್ಲಿ ಸಿಗುವುದಿಲ್ಲ. ಇಂಗ್ಲೆಂಡಿನ ರುದರ್‌ಫರ್ಡ್ ಆಪಲ್‌ಟನ್ ಲ್ಯಾಬ್‌ನಂಥ ಕಡೆ ಒಂದು ಪಂಪ್ ಪಲ್ಸಿನ ಹಿಂದೆ ಸಾಲಾಗಿ ಹಲವು ಪ್ರೋಬ್ ಪಲ್ಸ್ ಕಳಿಸಿ ಪಿಕೋದಿಂದ ಮಿಲಿಸೆಕೆಂಡಿನವರೆಗೆ ಒಂದೇ ಓಟದಲ್ಲಿ ಅಳೆಯುತ್ತಾರೆ.

(ಬೆಂಗಳೂರಿನವರಿಗೆ ಒಂದು ಮಾತು: ಐಐಎಸ್‌ಸಿಯಲ್ಲಿ ಶಿವ ಉಮಾಪತಿ ಅವರ ತಂಡ ಅತಿವೇಗದ ರಾಮನ್ ವಿಧಾನಗಳಲ್ಲಿ (ಚದುರಿದ ಬೆಳಕಿನಿಂದ ಕಂಪನ ಅಳೆಯುವುದು) ದೊಡ್ಡ ಕೆಲಸ ಮಾಡಿದೆ. ಐಆರ್‌ನಲ್ಲಿ ಮಂಕಾಗಿರುವ ಕಂಪನಗಳು ರಾಮನ್‌ನಲ್ಲಿ ಜೋರಾಗಿ ಕಾಣಬಹುದು. ನಿಮ್ಮ ಬ್ಯಾಂಡ್ ಐಆರ್‌ನಲ್ಲಿ ಕಾಣುವಂಥದ್ದಲ್ಲ ಎಂದು ಲೆಕ್ಕದಲ್ಲೇ ಗೊತ್ತಾದರೆ ಆ ಕಡೆ ನೋಡಿ.)

ಹಂತ 3: ದ್ರಾವಕ, ಕಿಟಕಿ, ಸೆಲ್

ದ್ರಾವಕ ನಿಮ್ಮ ಬ್ಯಾಂಡಿನ ಜಾಗದಲ್ಲಿ ಐಆರ್ ಹೀರಬಾರದು. ಅಸಿಟೊನೈಟ್ರೈಲ್ 2100ರ ಹತ್ತಿರ ಚೊಕ್ಕವಾಗಿದೆ, ಅದರ ನೈಟ್ರೈಲ್ ಬ್ಯಾಂಡ್ 2254ರಲ್ಲಿದೆ. 1350–1500ರ ಜಾಗ ನೋಡಬೇಕಾದರೆ ಡ್ಯೂಟೀರಿಯಂ ಹಾಕಿದ ಅಸಿಟೊನೈಟ್ರೈಲ್ ಬೇಕು. ನೀರು 1645ರಲ್ಲಿ ಗೋಡೆಯಂತೆ ಅಡ್ಡ ನಿಲ್ಲುತ್ತದೆ. ನೀರಿನಲ್ಲೇ ಕೆಲಸ ಮಾಡಬೇಕಾದರೆ ಭಾರಜಲ ಹಾಕಿ, ಪದರವನ್ನು 50 ಮೈಕ್ರಾನ್ ಸುಮಾರಿಗೆ ಇಳಿಸಿ.

ಕಿಟಕಿಗೆ ಕ್ಯಾಲ್ಸಿಯಂ ಫ್ಲೋರೈಡ್. ಯುವಿಯನ್ನೂ ಬಿಡುತ್ತದೆ, ಐಆರ್‌ನಲ್ಲಿ ಸುಮಾರು 1100ರವರೆಗೂ ಬಿಡುತ್ತದೆ. ಇನ್ನೂ ಕೆಳಗೆ ಹೋಗಬೇಕಾದರೆ ಬೇರಿಯಂ ಫ್ಲೋರೈಡ್. ಜಿಂಕ್ ಸೆಲೆನೈಡ್ ಐಆರ್‌ಗೆ ಎಷ್ಟೇ ಚೆನ್ನಾಗಿದ್ದರೂ ಯುವಿಯನ್ನು ನುಂಗಿಬಿಡುತ್ತದೆ. ಪಂಪ್ ಬರುವ ಕಡೆ ಅದನ್ನು ಹಾಕಿ ಸಿಗ್ನಲ್ಲೇ ಇಲ್ಲ ಎಂದು ಗೋಳಾಡುವುದು ಮಾಮೂಲಿ.

ಹಂತ 4: ಲೆಕ್ಕ (ಇದನ್ನು ಮಾತ್ರ ಬಿಡಬೇಡಿ)

ಒಂದು ಕಾಲ್ಪನಿಕ ಸ್ಯಾಂಪಲ್ ತೆಗೆದುಕೊಳ್ಳೋಣ. ಗಾಢತೆ 5 ಮಿಲಿಮೋಲಾರ್, ಸೆಲ್‌ನ (ದ್ರಾವಣ ಹಿಡಿಯುವ ತೆಳು ಪಾತ್ರೆ) ದಪ್ಪ 0.5 ಮಿ.ಮೀ., ಪಂಪ್ 355 ನ್ಯಾನೋಮೀಟರ್, ಪಲ್ಸಿಗೆ 1 ಮಿಲಿಜೂಲ್, ಕಿರಣದ ವ್ಯಾಸ 3 ಮಿ.ಮೀ. ಆ ಸೆಲ್‌ನಲ್ಲೇ ಅಳೆದಾಗ 355ರಲ್ಲಿ ಅಬ್ಸಾರ್ಬೆನ್ಸ್ 0.5 ಬಂದಿದೆ ಎಂದುಕೊಳ್ಳಿ. ಅಬ್ಸಾರ್ಬೆನ್ಸ್ ಅಂದರೆ ಬೆಳಕು ಎಷ್ಟು ಹೀರಲ್ಪಟ್ಟಿತು ಎಂಬುದರ ಲಾಗ್ ಲೆಕ್ಕ. 0.5 ಅಂದರೆ ನೂರಕ್ಕೆ 68 ಪಾಲು ಒಳಗೇ ಉಳಿಯಿತು.

355ರ ಒಂದು ಫೋಟಾನಿನ ಶಕ್ತಿ 5.6 × 10⁻¹⁹ ಜೂಲ್. ಹಾಗಾಗಿ 1 ಮಿಲಿಜೂಲಿನಲ್ಲಿ 1.8 × 10¹⁵ ಫೋಟಾನ್. ಅದರಲ್ಲಿ 1.2 × 10¹⁵ ಹೀರಲ್ಪಡುತ್ತವೆ. ಬೆಳಕು ಬೀಳುವ ಜಾಗದ ಗಾತ್ರ ಸುಮಾರು 3.5 ಮೈಕ್ರೋಲೀಟರ್. ಅದರಲ್ಲಿರುವ ಅಣುಗಳು 1.1 × 10¹⁶. ಅಂದರೆ ಪ್ರತಿ ಪಲ್ಸಿಗೆ ನೂರಕ್ಕೆ 11 ಅಣು ಎಚ್ಚೆತ್ತುಕೊಳ್ಳುತ್ತವೆ. ಕ್ವಾಂಟಮ್ ಯೀಲ್ಡ್, ಅಂದರೆ ಹೀರಿದ ಫೋಟಾನುಗಳಲ್ಲಿ ಎಷ್ಟು ಪಾಲು ಕೆಲಸ ಮಾಡಿತು ಎಂಬುದು, 0.5 ಇದ್ದರೆ ನೂರಕ್ಕೆ ಐದೂವರೆ ಅಣು ಪ್ರಾಡಕ್ಟ್ ಆಗುತ್ತವೆ. ಗಾಢತೆಯಲ್ಲಿ ಹೇಳುವುದಾದರೆ ಸುಮಾರು 0.28 ಮಿಲಿಮೋಲಾರ್ ಕೀಟೀನ್.

ಕೀಟೀನ್ ಬ್ಯಾಂಡಿನ ಮೋಲಾರ್ ಅಬ್ಸಾರ್ಪ್ಟಿವಿಟಿ (1 ಮೋಲಾರ್, 1 ಸೆಂ.ಮೀ.ಗೆ ಬರುವ ಅಬ್ಸಾರ್ಬೆನ್ಸ್) 500 ಎಂದಿಟ್ಟರೆ ಸಿಗ್ನಲ್ 0.007. ಇದು ಆರಾಮಾಗಿ ಕಾಣುವ ಸಿಗ್ನಲ್. ನಿಮ್ಮ ಲೆಕ್ಕದಲ್ಲಿ 0.00001 ಬಂದರೆ ಯಂತ್ರದ ಹತ್ತಿರ ಹೋಗುವ ಮೊದಲೇ ಗಾಢತೆ, ಸೆಲ್ ಅಥವಾ ಅಣುವನ್ನೇ ಬದಲಿಸಿ.

ಇದೇ ಲೆಕ್ಕ ಇನ್ನೂ ಎರಡು ವಿಷಯ ಹೇಳುತ್ತದೆ. ದ್ರಾವಣ ನಿಂತಲ್ಲೇ ನಿಂತಿದ್ದರೆ ಹತ್ತು ಪಲ್ಸಿನೊಳಗೆ ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ಮೂಲ ಅಣು ಹೋಗಿಬಿಟ್ಟಿರುತ್ತದೆ. ಹಾಗಾಗಿ ದ್ರಾವಣ ಹರಿಯುತ್ತಿರಲೇಬೇಕು. ಇನ್ನೊಂದು, ಅಮೀನ್ ಗಾಢತೆ ಕೀಟೀನಿಗಿಂತ ಹತ್ತು ಪಟ್ಟಾದರೂ ಇರಬೇಕು. ಇಲ್ಲಿ ಅದು 3 ಮಿಲಿಮೋಲಾರ್. ಅದಕ್ಕಿಂತ ಕಡಿಮೆ ಹಾಕಿದರೆ ಸರಳ ಘಾತೀಯ ಇಳಿಕೆ ಸಿಗುವುದಿಲ್ಲ.

ಹಂತ 5: ಸ್ಯಾಂಪಲ್

ಮೊದಲು ಎಚ್ಚರಿಕೆ. ಡೈಅಜೋ ಕಾಂಪೌಂಡುಗಳು ಸಿಡಿಯಬಲ್ಲವು. ಕಾಯಿಸಬೇಡಿ, ಗಾಜಿಗೆ ಅಂಟಿದ್ದನ್ನು ಲೋಹದ ಸ್ಪ್ಯಾಚುಲಾದಿಂದ ಕೆರೆಯಬೇಡಿ, ಬೇಕಾದಷ್ಟೇ ಮಾಡಿಕೊಂಡು ಕತ್ತಲೆಯಲ್ಲಿ ತಣ್ಣಗಿಡಿ. 355ರ ಕಿರಣ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಐಆರ್ ಅಂತೂ ಕಾಣುವುದೇ ಇಲ್ಲ. ಆ ತರಂಗಾಂತರಕ್ಕೆಂದೇ ಮಾಡಿದ ಕನ್ನಡಕ ಹಾಕಿ. ಸುಮ್ನೆ ಪಕ್ಕದ ಲ್ಯಾಬಿನದು ತಂದು ಹಾಕಿಕೊಳ್ಳಬೇಡಿ.

ಅಸಿಟೊನೈಟ್ರೈಲ್ ಒಣಗಿರಬೇಕು, ಕೀಟೀನಿಗೆ ನೀರು ಕಂಡರೆ ಆಗದು. ದ್ರಾವಣದೊಳಗೆ ಆರ್ಗಾನ್ ಬಿಟ್ಟು ಆಮ್ಲಜನಕ ಓಡಿಸಿ. ಗಾಳಿಗೆ ತೆರೆದಿಟ್ಟ ಅಸಿಟೊನೈಟ್ರೈಲ್‌ನಲ್ಲಿ ಸುಮಾರು 2 ಮಿಲಿಮೋಲಾರ್ ಆಮ್ಲಜನಕ ಇರುತ್ತದೆ. ಟ್ರಿಪ್ಲೆಟ್‌ಗಳನ್ನು (ಎರಡು ಎಲೆಕ್ಟ್ರಾನ್ ಜೋಡಿಯಾಗದೆ ಉಳಿದ ಸ್ಥಿತಿಯ ಅಣುಗಳು) ಮುಗಿಸಲು ಅಷ್ಟೇ ಸಾಕು. ಆರ್ಗಾನನ್ನು ದ್ರಾವಕದ ಆವಿಯಲ್ಲಿ ನೆನೆಸಿ ಬಿಡಿ, ಇಲ್ಲದಿದ್ದರೆ ಗಂಟೆಯೊಳಗೆ ದ್ರಾವಕ ಆರಿ ಗಾಢತೆ ಏರುತ್ತದೆ.

ಅಮೀನ್ ಬೆರೆಸಿದ ಮೇಲೆ ಲೇಸರ್ ಇಲ್ಲದೆ, ಕತ್ತಲೆಯಲ್ಲಿ ಒಂದು ಗಂಟೆ ಇಟ್ಟು ಮಾಮೂಲಿ ಎಫ್‌ಟಿಐಆರ್ ತೆಗೆಯಿರಿ. ಡೈಅಜೋ ಬ್ಯಾಂಡ್ ಇಳಿದಿದ್ದರೆ ಬೆಳಕಿಲ್ಲದೆಯೂ ಅಮೀನ್ ಮತ್ತು ಡೈಅಜೋ ಒಂದರೊಡನೊಂದು ಕ್ರಿಯೆ ನಡೆಸುತ್ತಿವೆ ಅಂತ ಅರ್ಥ. ಆಗ ಬೇರೆ ಅಮೀನ್ ನೋಡಿ.

ಹಂತ 6: ಅಳತೆ

ಯಂತ್ರದೊಳಗೆ ಒಣ ಗಾಳಿ ಬಿಟ್ಟಿರಿ. ನೀರಾವಿ 1400ರಿಂದ 1900ರವರೆಗೆ ಮುಳ್ಳುಮುಳ್ಳಾಗಿ ಕಾಣುತ್ತದೆ, ಕಾರ್ಬನ್ ಡೈಆಕ್ಸೈಡ್ 2349ರ ಹತ್ತಿರ. ಡಿಟೆಕ್ಟರ್ ಮುಂದೆ ಜರ್ಮೇನಿಯಂ ಫಿಲ್ಟರ್ ಇರಲಿ, ಚದುರಿದ ಪಂಪ್ ಬೆಳಕನ್ನು ಅದು ತಡೆಯುತ್ತದೆ. ಡಿಟೆಕ್ಟರಿನ ಸಾರಜನಕ ಅಳತೆಯ ಮಧ್ಯೆ ಖಾಲಿಯಾಗದಂತೆ ಶುರುವಿನಲ್ಲೇ ತುಂಬಿಸಿ.

ಮೊದಲ ಅಳತೆ ನಿಮ್ಮ ಸ್ಯಾಂಪಲ್ ಆಗಬಾರದು, ಬರೀ ದ್ರಾವಕ ಆಗಿರಲಿ. ಅದರಲ್ಲೂ ಸಿಗ್ನಲ್ ಬಂದರೆ ಕಿಟಕಿ, ದ್ರಾವಕ ಅಥವಾ ಚದುರಿದ ಬೆಳಕಿನ ಕಿತಾಪತಿ ಅಂತ ಗೊತ್ತಾಗುತ್ತದೆ. ಆಮೇಲೆ ಸ್ಯಾಂಪಲ್ ಹಾಕಿ, ಪಂಪ್ ಶಕ್ತಿಯನ್ನು ಅರ್ಧ ಮಾಡಿ ನೋಡಿ. ಸಿಗ್ನಲ್ ಕೂಡ ಅರ್ಧ ಆಗಬೇಕು. ಕಾಲು ಭಾಗಕ್ಕೆ ಇಳಿದರೆ ಒಂದೇ ಅಣು ಎರಡು ಫೋಟಾನ್ ನುಂಗುತ್ತಿದೆ ಎಂಬ ಅನುಮಾನ ಬರಬೇಕು, ಆಗ ನೀವು ನೋಡುತ್ತಿರುವುದು ಬೇರೆಯದೇ ಕ್ರಿಯೆ. ಫೆಮ್ಟೋಸೆಕೆಂಡ್ ಯಂತ್ರದಲ್ಲಿ ಪಂಪ್ ಮತ್ತು ಪ್ರೋಬ್ ಪೋಲರೈಸೇಶನ್ (ಬೆಳಕಿನ ಅಲೆ ಆಡುವ ದಿಕ್ಕು) ನಡುವೆ 54.7 ಡಿಗ್ರಿ ಇಡಿ. ಇಲ್ಲದಿದ್ದರೆ ಅಣು ತಿರುಗುವುದೂ ಕ್ರಿಯೆಯಂತೆ ಕಾಣುತ್ತದೆ.

ಪ್ರತಿ ಅರ್ಧ ಗಂಟೆಗೊಮ್ಮೆ ಸೆಲ್ ತೆಗೆದು ಬೆಳಕಿಗೆ ಹಿಡಿದು ನೋಡಿ. ಪಂಪ್ ಬೀಳುವ ಜಾಗದಲ್ಲಿ ಕಿಟಕಿಯ ಒಳಮೈ ಮೇಲೆ ಕಂದು ಚುಕ್ಕೆ ಇದೆಯಾ? ಅದು ಪ್ರಾಡಕ್ಟಿನ ಪದರ. ಪಂಪನ್ನು ತಾನೇ ನುಂಗಿ ಬಿಸಿಯಾಗಿ ಸುಳ್ಳು ಸಿಗ್ನಲ್ ಕೊಡುತ್ತದೆ. ಸಣ್ಣ ಗುಳ್ಳೆಗಳಿವೆಯಾ? ಡೈಅಜೋದಿಂದ ಹೊರಬಂದ ಸಾರಜನಕ ಅದು, ಹರಿವು ಸಾಲದು ಅಂತ ಅರ್ಥ. ಹರಿವು ಹೆಚ್ಚಿಸಿ, ಇಲ್ಲವೇ ಪಲ್ಸಿನ ದರ ಇಳಿಸಿ.

ಹಂತ 7: ಓದುವುದು, ಮೋಸ ಹೋಗದಿರುವುದು

ನಿಮಗೆ ಸಿಗುವುದು ಡಿಫರೆನ್ಸ್ ಸ್ಪೆಕ್ಟ್ರಮ್, ಅಂದರೆ ಪಂಪ್ ಬಿದ್ದ ನಂತರದ್ದರಿಂದ ಮೊದಲಿನದನ್ನು ಕಳೆದದ್ದು. ಜಮಾ-ಖರ್ಚಿನ ಪುಸ್ತಕ ಇದ್ದಂತೆ. ಹೋದದ್ದು ಸೊನ್ನೆಯ ಕೆಳಗೆ, ಬಂದದ್ದು ಮೇಲೆ. ಕೆಳಗಿನದಕ್ಕೆ ಬ್ಲೀಚ್ ಎನ್ನುತ್ತಾರೆ. ಅಜಿಬೆಂಜಿಲ್‌ನಲ್ಲಿ ಡೈಅಜೋ ಬ್ಲೀಚ್, ಅದರ ಪಕ್ಕ ಮೇಲೆದ್ದ ಕೀಟೀನ್, ಮತ್ತೆ 1630ರ ಸುತ್ತ ಮೂಲ ಅಣುವಿನ ಕಾರ್ಬೊನಿಲ್ ಬ್ಲೀಚ್ ಕಾಣಬೇಕು. ಬ್ಲೀಚ್ ಹಾಗೇ ಉಳಿಯಬೇಕು, ಯಾಕೆಂದರೆ ಹೋದ ಅಣು ವಾಪಸ್ ಬರುವುದಿಲ್ಲ. ಅದು ತುಂಬಿಕೊಳ್ಳುತ್ತಿದ್ದರೆ ಅದರ ಮೇಲೆ ಇನ್ನೊಂದು ಬ್ಯಾಂಡ್ ಬೆಳೆಯುತ್ತಿದೆ, ಇಲ್ಲವೇ ಹರಿವು ಹೊಸ ದ್ರಾವಣ ತರುತ್ತಿದೆ. ಅಮೀನಿಗೆ ಬ್ಯೂಟೈಲ್ಅಮೀನ್ ಆರಿಸಿದ್ದೂ ಇದಕ್ಕೇ. ಅದರ ಅಮೈಡ್ 1670ರ ಆಸುಪಾಸಿನಲ್ಲಿ, ಬ್ಲೀಚ್‌ನಿಂದ ಸ್ವಲ್ಪ ದೂರ ಬರುತ್ತದೆ. ಡೈಈಥೈಲ್ಅಮೀನ್ ಬಳಸಿದರೆ ಅಮೈಡ್ ಬ್ಯಾಂಡ್ ಇನ್ನೂ ಕೆಳಗಿಳಿದು ಬ್ಲೀಚಿನ ಗುಂಡಿಯೊಳಗೇ ಬೀಳುತ್ತದೆ.

ಹೊಸಬರು ಎಲ್ಲಕ್ಕಿಂತ ಜಾಸ್ತಿ ಮೋಸ ಹೋಗುವುದು ಪಿಕೋಸೆಕೆಂಡ್ ಸ್ಪೆಕ್ಟ್ರಮ್‌ನಲ್ಲಿ. ಹುಟ್ಟಿದ ಕೂಡಲೇ ಕೀಟೀನ್ ಬಿಸಿಯಾಗಿರುತ್ತದೆ. ಫೋಟಾನಿನ ಶಕ್ತಿಯಲ್ಲಿ ಉಳಿದದ್ದೆಲ್ಲ ಅದರ ಕಂಪನಗಳಲ್ಲಿ ತುಂಬಿರುತ್ತದೆ. ಆಗ ಬ್ಯಾಂಡ್ ಅಗಲವಾಗಿ, ಕಡಿಮೆ ವೇವ್‌ನಂಬರ್ ಕಡೆಗೆ ವಾಲಿಕೊಂಡು ಕಾಣುತ್ತದೆ. ಹತ್ತಾರು ಪಿಕೋಸೆಕೆಂಡಿನಲ್ಲಿ ಶಾಖ ದ್ರಾವಕಕ್ಕೆ ಇಳಿದು ಬ್ಯಾಂಡ್ ಸಪೂರವಾಗಿ ಮೇಲಕ್ಕೆ ಸರಿಯುತ್ತದೆ. ಇದನ್ನು ನೋಡಿ 'ಒಂದು ಮಧ್ಯಂತರ ಹೋಗಿ ಇನ್ನೊಂದು ಬಂತು' ಎಂದು ಬರೆದುಬಿಡುತ್ತಾರೆ. ಬ್ಯಾಂಡ್ ಮೆಲ್ಲಗೆ ಸರಿಯುತ್ತಿದೆಯೋ, ಅಥವಾ ಒಂದು ಜಾಗದಲ್ಲಿ ಇಳಿದು ಇನ್ನೊಂದು ಜಾಗದಲ್ಲಿ ಏಳುತ್ತಿದೆಯೋ ನೋಡಿ. ಮೆಲ್ಲಗೆ ಸರಿಯುತ್ತಿದ್ದರೆ ಅದು ತಣಿಯುವಿಕೆ. ಹಾಗೆಯೇ ಸೊನ್ನೆ ಸಮಯದ ಹಿಂದುಮುಂದೆ, ಪಂಪ್ ಬರುವ ಮೊದಲೇ ಕಾಣುವ ಏರಿಳಿತಗಳು ಪಲ್ಸುಗಳ ಕೈವಾಡ. ಆ ಭಾಗ ಬಿಟ್ಟು ಫಿಟ್ ಮಾಡಿ.

ನ್ಯಾನೋಸೆಕೆಂಡ್ ಯಂತ್ರದಲ್ಲಿ ಬೇರೆ ಕಾಟ. ದ್ರಾವಕ ಬಿಸಿಯಾಗಿ ಹಿಗ್ಗಿ, ಎಲ್ಲ ವೇವ್‌ನಂಬರ್‌ನಲ್ಲೂ ಒಂದೇ ತರಹದ ಅಗಲವಾದ ಸಿಗ್ನಲ್ ಬರುತ್ತದೆ. ಎಲ್ಲ ಕಡೆಯೂ ಒಂದೇ ವೇಗದಲ್ಲಿ ಇಳಿಯುವುದು ಅಣುವಲ್ಲ, ಶಾಖ. ಬ್ಯಾಂಡೇ ಇಲ್ಲದ ಜಾಗದಲ್ಲಿ ಅಳೆದು ಕಳೆಯಿರಿ.

ಹಂತ 8: ಗುರುತು ಮತ್ತು ವೇಗ

2100ರಲ್ಲಿ ಬ್ಯಾಂಡ್ ಬಂದ ಮಾತ್ರಕ್ಕೆ ಕೀಟೀನ್ ಅನ್ನಬೇಡಿ. ಡಿಎಫ್‌ಟಿ ಜೊತೆ ಹೊಂದಬೇಕು. ಅಮೀನ್ ಹಾಕಿದಾಗ ಅದರ ಆಯಸ್ಸು ಕುಗ್ಗಬೇಕು, ಅದೇ ವೇಗದಲ್ಲಿ ಅಮೈಡ್ ಏಳಬೇಕು. ಅಮೈಡ್ ತಡವಾಗಿ ಎದ್ದರೆ ಬೇಸರ ಬೇಡ, ನಡುವೆ ಇನ್ನೊಂದು ಮಧ್ಯಂತರ ಇದೆ ಎಂಬ ಸುಳಿವು ಅದು. ದ್ರಾವಣದೊಳಗೆ ಆಮ್ಲಜನಕ ಹಾಯಿಸಿದರೂ ಕೀಟೀನಿಗೆ ಏನೂ ಆಗಬಾರದು. ಟ್ರಿಪ್ಲೆಟ್ ಆಗಿದ್ದರೆ, ಗಾಳಿ ಸೇರಿದ ಅಸಿಟೊನೈಟ್ರೈಲ್‌ನಲ್ಲಿ ಆಯಸ್ಸು ನೂರಾರು ನ್ಯಾನೋಸೆಕೆಂಡಿಗೆ ಇಳಿದುಬಿಡುತ್ತದೆ. ಇಷ್ಟಾದರೂ ಅನುಮಾನ ಉಳಿದರೆ ಕಾರ್ಬೊನಿಲ್ ಇಂಗಾಲಕ್ಕೆ ಕಾರ್ಬನ್-13 ಹಾಕಿದ ಅಣು ಮಾಡಿ, ಬ್ಯಾಂಡ್ ಲೆಕ್ಕದಷ್ಟೇ ಕೆಳಗೆ ಸರಿಯುತ್ತದೋ ನೋಡಿ. ಖರ್ಚಿನ ಕೆಲಸ, ಆದರೆ ಇದರ ಮುಂದೆ ಬೇರೆ ವಾದ ನಿಲ್ಲುವುದಿಲ್ಲ.

ವೇಗಕ್ಕೆ ಅಮೀನನ್ನು 3, 6, 9, 12 ಮಿಲಿಮೋಲಾರ್‌ನಲ್ಲಿ ಇಟ್ಟು ಪ್ರತಿ ಬಾರಿ ಕೀಟೀನಿನ ಇಳಿಕೆಯ ದರ ತೆಗೆಯಿರಿ. ಗಾಢತೆಗೆ ಎದುರಾಗಿ ದರ ಹಾಕಿದರೆ ಸರಳರೇಖೆ ಬರಬೇಕು. ಅದರ ಓರೆಯೇ ಎರಡನೇ ದರ್ಜೆಯ ವೇಗಾಂಕ. ಅಡ್ಡ ಅಕ್ಷದಲ್ಲಿ ಮಿಲಿಮೋಲಾರ್ ಹಾಗೇ ಬಿಟ್ಟರೆ ಉತ್ತರ ಸಾವಿರ ಪಟ್ಟು ತಪ್ಪುತ್ತದೆ. ರೇಖೆ ಮೇಲಕ್ಕೆ ಬಾಗಿದರೆ ಎರಡನೇ ಅಮೀನ್ ಅಣುವೂ ಕೈಹಾಕುತ್ತಿರಬಹುದು, ಆಗ ಗಾಢತೆಯ ವ್ಯಾಪ್ತಿ ಹಿಗ್ಗಿಸಿ ಮತ್ತೆ ಅಳೆಯಿರಿ. ಅಮೀನ್ ಇಲ್ಲದಾಗಲೂ ಕೀಟೀನ್ ಬೇಗ ಇಳಿಯುತ್ತಿದ್ದರೆ ದ್ರಾವಕದಲ್ಲಿ ನೀರು ಇದೆ ಎಂದೇ ಮೊದಲು ಅನುಮಾನಿಸಿ.

ಅಳತೆ ಮುಗಿದ ಮೇಲೆ ಉಳಿದ ಡೈಅಜೋ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ. ಫ್ಯೂಮ್ ಹುಡ್‌ನಲ್ಲಿಟ್ಟು ಮೊದಲು ಅಮೀನಿಗೆ ಸಾಲುವಷ್ಟು, ಆಮೇಲೆ ಇನ್ನೂ ಸ್ವಲ್ಪ ಅಸಿಟಿಕ್ ಆಮ್ಲವನ್ನು ಹನಿಹನಿಯಾಗಿ ಸೇರಿಸಿ. ಕಿತ್ತಳೆ ಬಣ್ಣ ಪೂರ್ತಿ ಹೋಗುವವರೆಗೆ ಬಿಡಿ, ಬೇಕಾದರೆ ರಾತ್ರಿಯಿಡೀ. ಸಾರಜನಕ ಬರುತ್ತಲೇ ಇರುತ್ತದೆ, ಹಾಗಾಗಿ ವೇಸ್ಟ್ ಬಾಟಲಿಯ ಮುಚ್ಚಳ ಬಿಗಿ ಮಾಡಬೇಡಿ.